ಕೆಂಪಿ ಎಂಬ ಗರಗಸ

ದೇವೇಂದ್ರನ ಅಂಗಡಿ ಸಕಲೇಶಪುರದ ಸಂತೆಗೆ ಹೋಗುವ ದಾರಿಯಲ್ಲಿತ್ತು. ಅಂಗಡಿ ಎಂದರೆ ಬಾಗಿಲ ಹಲಗೆ ತೆಗೆದರೆ ಪೂರ್ತಿ ಕಾಣುವ ಒಂದೇ ಕೋಣೆ, ಸುಟ್ಟ ಆಯಿಲಿನ ವಾಸನೆ, ಗೋಡೆಯ ಮೊಳೆಗಳಲ್ಲಿ ನೇತಾಡುವ ಚೈನುಗಳು. ಮರ ಕುಯ್ಯುವ ಮಿಷನ್ನು ಕೆಟ್ಟರೆ, ಅದರಲ್ಲೂ ಹಿಂದಿನ ಕಾಲದ ಬಿಳಿ ದೊರೆಗಳು ತೋಟ ಮಾರಿ ಹೋಗುವಾಗ ಬಿಟ್ಟುಹೋದಂಥ ಮುದಿ ಮಿಷನ್ನು ಕೆಟ್ಟರೆ, ಯಸಳೂರಿನಿಂದ ಆಲೂರಿನವರೆಗೆ ಎಲ್ಲರೂ ಅವನ ಹತ್ತಿರವೇ ಬರಬೇಕಿತ್ತು. ಅವನು ನಗುತ್ತಿದ್ದದ್ದು ಕಡಿಮೆ, ಮಾತು ಅದಕ್ಕಿಂತ ಕಡಿಮೆ. ಇಂಥವರನ್ನು ಜನ ಸಾಧು ಎಂದುಬಿಡುತ್ತಾರೆ. ದೇವೇಂದ್ರ ಸಾಧುವಾಗಿರಲಿಲ್ಲ. ಅವನ ಹೊಟ್ಟೆಯಲ್ಲಿ ಹತ್ತು ಹನ್ನೆರಡು ವರ್ಷದಿಂದ ಒಂದು ಸಿಟ್ಟು ಕೂತಿತ್ತು, ಅದನ್ನು ಅವನು ದಿನಾ ಅನ್ನ ಹಾಕಿ ಸಾಕುತ್ತಿದ್ದ.

ಆ ಸಿಟ್ಟು ರುದ್ರಪ್ಪಗೌಡರ ಮೇಲೆ. ಹೆಗ್ಗದ್ದೆ ಕಡೆ ದೊಡ್ಡ ಕಾಫಿ ತೋಟದ ಗೌಡರು. ಮದುವೆಯಾದ ಹೊಸತರಲ್ಲಿ ದೇವೇಂದ್ರ ಅವರ ಎಸ್ಟೇಟಿನಲ್ಲೇ ಜೀಪು, ಪಂಪ್‌ಸೆಟ್ಟು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ. ಆಳುಗಳ ಲೈನಿನಲ್ಲಿ ಮನೆ, ಹೆಂಡತಿ ಗಂಗಾಮಣಿ ಕಾಫಿ ಕೊಯ್ಲಿಗೆ ಹೋಗುತ್ತಿದ್ದಳು. ಸ್ಟೋರಿನ ಅಟ್ಟದ ಮೇಲೆ ಗೌಡರ ಅಪ್ಪನ ಕಾಲದ ಒಂದು ಗರಗಸದ ಮಿಷನ್ನು ಇಲಿ ಹಿಕ್ಕೆಯ ನಡುವೆ ಸತ್ತು ಬಿದ್ದಿತ್ತು. ಯಾರೂ ಹೇಳದೆ, ಯಾರೂ ಕೇಳದೆ, ದೇವೇಂದ್ರ ಅದನ್ನು ಕೆಳಗಿಳಿಸಿದ.

ಅದಕ್ಕೆ ಜೀವ ಬರಿಸಲು ಅವನು ಪಟ್ಟ ಪಾಡು ಅವನಿಗೇ ಗೊತ್ತು. ಸಿಲಿಂಡರು ಕೊಡಗಿನ ಒಂದು ತೋಟದಿಂದ ಬಂತು. ಸ್ಟಾರ್ಟರು ಹಾಸನದ ಗುಜರಿಯಲ್ಲಿ ಸಿಕ್ಕಿತು. ಪಿಸ್ಟನ್ ರಿಂಗು ಎಲ್ಲೂ ಸಿಗದೆ, ಸ್ಕೂಟರಿನ ರಿಂಗನ್ನು ಅರ ಹಿಡಿದು ಉಜ್ಜಿ ಉಜ್ಜಿ ಕೂರಿಸಿದ. ಬಾಡಿಯಲ್ಲಿ ಬೋಲ್ಟು ಕೂರುವ ಒಂದು ಕಿವಿ ಮುರಿದಿತ್ತು, ಅದನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹಾಸನಕ್ಕೆ ಹೋಗಿ ವೆಲ್ಡಿಂಗ್ ಮಾಡಿಸಿ ತಂದ. ಎಲ್ಲ ಭಾನುವಾರದ ಕೆಲಸ. ಕೊನೆಗೆ ಕೆಂಪು ಬಣ್ಣ ಬಳಿದು ಹಗ್ಗ ಎಳೆದಾಗ ಅದು ಕೂಗಿದ ಕೂಗಿಗೆ ಲೈನಿನ ನಾಯಿಗಳೆಲ್ಲ ಓಡಿದವು. ಆಳುಗಳು ಅದಕ್ಕೆ ಕೆಂಪಿ ಎಂದು ಹೆಸರಿಟ್ಟರು. ಆ ದಿನ ಗೌಡರ ಮನೆಯಲ್ಲಿ ನೆಂಟರಿದ್ದರು. ಅವರೆದುರಿಗೆ ಗೌಡರು ಹಿಗ್ಗಿನಲ್ಲಿ, ಈ ತೋಟ ಬಿಟ್ಟು ಹೋಗುವ ದಿನ ಇದನ್ನು ನೀನೇ ತಗೊಂಡು ಹೋಗು ಎಂದರು. ಗೌಡರಿಗೆ ಅದು ಬಾಯಿಮಾತು. ದೇವೇಂದ್ರ ಅದನ್ನು ಎದೆಯಲ್ಲಿ ಬರೆದುಕೊಂಡ.

ತೊಂಬತ್ತನಾಲ್ಕರ ಬೇಸಿಗೆಯಲ್ಲಿ, ಮೆಣಸಿನ ಕೊಯ್ಲು ಮುಗಿದ ಹೊತ್ತಿಗೆ, ಕೆಂಪಿ ಸ್ಟೋರಿನಿಂದ ಕಾಣೆಯಾಯಿತು. ಬೀಗ ಮುರಿದಿರಲಿಲ್ಲ. ಇನ್ನೊಂದು ಬೀಗದ ಕೈ ದೇವೇಂದ್ರನ ಹತ್ತಿರವಿತ್ತು, ಆ ಮಿಷನ್ನೆಂದರೆ ಅವನಿಗೆ ಪ್ರಾಣ ಎನ್ನುವುದೂ ಎಲ್ಲರಿಗೂ ಗೊತ್ತಿತ್ತು. ಗೌಡರಿಗೆ ಅಷ್ಟೇ ಸಾಕಾಯಿತು. ದೂರು ಕೊಟ್ಟರು. ಪೊಲೀಸಿನವರು ಬಂದದ್ದು ಸಂತೆಗೆ. ಈರುಳ್ಳಿ ಆರಿಸುತ್ತಿದ್ದ ಗಂಗಾಮಣಿಯ ಎದುರಿಗೇ, ಇಡೀ ಹೋಬಳಿ ನೋಡುತ್ತಿದ್ದಂತೆ, ಅವಳ ಗಂಡನನ್ನು ಜೀಪು ಹತ್ತಿಸಿಕೊಂಡು ಹೋದರು.

ಎರಡು ದಿನ ಕಳೆಯಿತು. ಮೂರನೆಯ ದಿನ ಗೌಡರೇ ಠಾಣೆಗೆ ಬಂದು, ಪಾಪ ಬಡವ, ಬಿಟ್ಟುಬಿಡಿ ಎಂದು ಹೇಳಿ ಬಿಡಿಸಿದರು. ಕೆಂಪಿ ಸಿಕ್ಕಿತ್ತು. ಎಡಕುಮೇರಿ ಹತ್ತಿರ ತೋಟವಿದ್ದ ಗೌಡರ ಭಾವಮೈದುನ, ಗೌಡರ ಮನೆಯಲ್ಲಿದ್ದ ಬೀಗದ ಕೈ ತೆಗೆದುಕೊಂಡು, ಬಿದ್ದ ಮರ ಕುಯ್ಯಿಸಲು ಅದನ್ನು ಜೀಪಿಗೆ ಹಾಕಿಕೊಂಡು ಹೋಗಿದ್ದ, ಹೇಳಲು ಮರೆತಿದ್ದ. ಗೌಡರ ತೋಟದ ಲೆಕ್ಕ ಬರೆಯುವ ರೈಟರ್ ಗಣೇಶ ಇದನ್ನು ದೇವೇಂದ್ರನ ಕಿವಿಯಲ್ಲಿ ಹೇಳಿದ, ತನ್ನ ಹೆಸರು ತರಬೇಡ ಎಂದು ಕೈಮುಗಿದ. ಗೌಡರು ಮಾತ್ರ ಯಾರಿಗೂ ಹೇಳಲಿಲ್ಲ. ಹೆಂಡತಿಯ ತಮ್ಮನ ಮಾನ ಉಳಿಯಬೇಕಲ್ಲ. ಮುಂದಿನ ಸೋಮವಾರದಿಂದ ಕೆಲಸಕ್ಕೆ ಬಾ ಎಂದು ಹೇಳಿ ಕಳುಹಿಸಿದರು, ಅಷ್ಟೆ.

ದೇವೇಂದ್ರನನ್ನು ಸುಟ್ಟದ್ದು ಠಾಣೆಯಲ್ಲಿ ಕೂತ ಎರಡು ದಿನವಲ್ಲ, ಗೌಡರು ಬಿಡಿಸಿದ ರೀತಿ. ಸುಳ್ಳು ದೂರಾದರೆ ಒಂದಲ್ಲ ಒಂದು ದಿನ ಅಳಿಸಿಹೋಗುತ್ತದೆ. ಗೌಡರ ಕರುಣೆಯನ್ನು ಅಳಿಸುವುದು ಹೇಗೆ? ಕಳ್ಳನಾದರೂ ಗೌಡರು ಕ್ಷಮಿಸಿದರು, ಎಂಥ ದೊಡ್ಡ ಮನಸ್ಸು ಎಂದು ಊರೆಲ್ಲ ಮಾತಾಯಿತು. ಹೋಗಿ ಅವರ ಕಾಲಿಗೆ ಬೀಳು ಎಂದು ಬುದ್ಧಿ ಹೇಳುವವರೂ ಹುಟ್ಟಿಕೊಂಡರು. ಅವನು ಪಾತ್ರೆಪಗಡೆ ಕಟ್ಟಿಕೊಂಡು ಹೆಂಡತಿಯೊಂದಿಗೆ ಸಕಲೇಶಪುರಕ್ಕೆ ಬಂದು ಅಂಗಡಿ ಹಾಕಿದ.

ಗಂಡ ನುಂಗಿಕೊಂಡದ್ದನ್ನು ಗಂಗಾಮಣಿ ನುಂಗಲಿಲ್ಲ. ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಮದುವೆಮನೆಯ ಪಂಕ್ತಿಯಲ್ಲಿ, ಎಲ್ಲಿ ಒಂದು ಪಿಸುಮಾತು ಕೇಳಿದರೂ ಅವಳು ಸೆರಗು ಸಿಕ್ಕಿಸಿ ನಿಂತುಬಿಡುತ್ತಿದ್ದಳು. ನನ್ನ ಗಂಡ ಇನ್ನೊಬ್ಬರ ಮೊಳೆ ಮುಟ್ಟಿದವನಲ್ಲ ಎಂದು ದೇವರ ಮೇಲೆ ಆಣೆಯಿಡುತ್ತಿದ್ದಳು. ಅವಳ ಬಾಯಿಗೆ ಹೆದರಿಯಾದರೂ ಜನ ಅವಳೆದುರು ಸುಮ್ಮನಾಗುತ್ತಿದ್ದರು. ಆಲೂರಿನಲ್ಲಿದ್ದ ಅವಳ ಸ್ವಂತ ಅಕ್ಕ ಬಸಮ್ಮ ಮಾತ್ರ ತಪ್ಪು ಮಾಡಿದಳು. ಮೊಮ್ಮಗುವಿನ ನಾಮಕರಣಕ್ಕೆ ತಂಗಿ ಮತ್ತು ಅವಳ ಗಂಡ ಬಂದಾಗ, ಒಡವೆಯ ಟ್ರಂಕನ್ನು ಮೆಲ್ಲಗೆ ಪಕ್ಕದ ಮನೆಗೆ ಸಾಗಿಸಿದಳು. ಗಂಗಾಮಣಿ ಅದನ್ನು ಕಂಡಳು. ಎಲೆಯ ಮುಂದೆ ಕೂತಿದ್ದ ಗಂಡನನ್ನು ಎಬ್ಬಿಸಿಕೊಂಡು ಹೊರಟು ಬಂದವಳು ಮತ್ತೆ ಆ ಹೊಸಿಲು ತುಳಿಯಲಿಲ್ಲ. ಕೆಲವು ವರ್ಷದ ಮೇಲೆ ಬಸಮ್ಮ ಹಾಸಿಗೆ ಹಿಡಿದು, ಒಂದು ಸಲ ಬಂದು ಹೋಗು ಎಂದು ಹೇಳಿ ಕಳುಹಿಸಿದಳು. ನನ್ನ ಗಂಡ ಕಳ್ಳನಲ್ಲ ಅಂತ ಅವನೆದುರಿಗೆ ಹೇಳಿದರೆ ಬರುತ್ತೇನೆ ಎಂದು ಗಂಗಾಮಣಿ ಉತ್ತರ ಕಳುಹಿಸಿದಳು. ಬಸಮ್ಮ ಅದೇ ಕಾಯಿಲೆಯಲ್ಲಿ ತೀರಿಕೊಂಡಳು. ಗಂಗಾಮಣಿ ಮಣ್ಣಿಗೂ ಹೋಗಲಿಲ್ಲ.

ಇತ್ತ ಅಂಗಡಿಯಲ್ಲಿ ಏನಾಯಿತೆಂದರೆ, ಎರಡನೆಯ ಮಳೆಗಾಲಕ್ಕೇ ಕೆಂಪಿ ರಿಪೇರಿಗೆ ಬಂತು. ಗೌಡರಿಗೆ ನಾಚಿಕೆಯೂ ಇರಲಿಲ್ಲ, ಅನುಮಾನವೂ ಇರಲಿಲ್ಲ. ತಾವು ಕ್ಷಮಿಸಿದವನು ತಮ್ಮ ಋಣದಲ್ಲಿದ್ದಾನೆ ಎಂದೇ ಅವರ ಲೆಕ್ಕ. ಗಣೇಶ ಮಿಷನ್ನು ಇಟ್ಟು ಹೋದ ಮೇಲೆ ದೇವೇಂದ್ರ ಸುತ್ತಿಗೆ ಕೈಗೆತ್ತಿಕೊಂಡ. ಒಂದೇ ಏಟಿಗೆ ಮುಗಿಯುತ್ತಿತ್ತು. ಆದರೆ ಅದು ತಾನೇ ಕಟ್ಟಿದ ಕೆಂಪಿ. ಸುತ್ತಿಗೆ ಇಟ್ಟು ಸ್ಪ್ಯಾನರ್ ಹಿಡಿದ. ಬಿಚ್ಚಿ ನೋಡಿದರೆ ಕ್ಲಚ್ಚು ಚೆನ್ನಾಗಿಯೇ ಇತ್ತು. ಅದನ್ನು ತೆಗೆದು ಗೋಣಿಚೀಲಕ್ಕೆ ಹಾಕಿ, ಬೇರೊಂದು ಸವೆದ ಕ್ಲಚ್ಚು ಕೂರಿಸಿದ. ತೆಗೆದ ಪಾರ್ಟು ಅಂಗಡಿಯವನಿಗೆ ಎನ್ನುವುದು ಈ ಕಸುಬಿನ ರೂಢಿ, ವಾಪಸ್ ಕೇಳುವವರಿಲ್ಲ. ಕೈ ಒರೆಸಿಕೊಳ್ಳುವಾಗ ಅವನ ತುಟಿಯಲ್ಲಿ ಎಷ್ಟೋ ತಿಂಗಳ ಮೇಲೆ ಒಂದು ನಗು ಕಂಡಿತು.

ಅಲ್ಲಿಂದ ಶುರುವಾಯಿತು. ಬೇರೆ ಮೆಕ್ಯಾನಿಕ್ಕುಗಳು ಒಳ್ಳೆಯ ಪಾರ್ಟು ಹುಡುಕಿ ಅಲೆಯುತ್ತಾರೆ. ದೇವೇಂದ್ರ ಕೆಟ್ಟದ್ದನ್ನು ಹುಡುಕಿ ಅಲೆದ. ತೀರಾ ಕೆಟ್ಟದ್ದೂ ಆಗಬಾರದು. ಒಂದು ಮಳೆಗಾಲ ನಡೆದು, ಮುಂದಿನ ಮಳೆಗಾಲಕ್ಕೆ ಕೈಕೊಡುವಂಥದ್ದಾಗಬೇಕು. ಆಲೂರಿನ ಹಳೇ ತೋಟಗಳ ಅಟ್ಟ ಹತ್ತಿದ, ಹಾಸನದ ಗುಜರಿಗಳಲ್ಲಿ ಕುಕ್ಕರುಗಾಲಲ್ಲಿ ಕೂತು ತುಕ್ಕು ಕೆದಕಿದ. ಮಂಗಳೂರಿನ ರೈಲು ನಿಂತು ಹಳಿ ಅಗಲ ಮಾಡುತ್ತಿದ್ದ ವರ್ಷಗಳಲ್ಲಿ ಘಾಟಿಯ ಕಂಟ್ರಾಕ್ಟರುಗಳ ಕ್ಯಾಂಪಿಗೆ ಹಳಿಯ ಮೇಲೆ ನಡೆದುಕೊಂಡೇ ಹೋಗಿ, ಮುರಿದು ಎಸೆದ ಮಿಷನ್ನುಗಳನ್ನು ಹೊತ್ತು ತಂದ. ಒಂದು ವರ್ಷ ಕೆಂಪಿಯ ಕಾರ್ಬುರೇಟರು ಅವನ ಚೀಲ ಸೇರಿತು. ಇನ್ನೊಂದು ವರ್ಷ ಆಯಿಲ್ ಪಂಪು, ಮತ್ತೊಂದು ವರ್ಷ ಸ್ಕೂಟರ್ ರಿಂಗಿನ ಸಮೇತ ಪಿಸ್ಟನ್ನು, ಆಮೇಲೆ ಸಿಲಿಂಡರು. ಪ್ರತಿ ಸಲವೂ ಗೌಡರು ಕೂಲಿ ಕಳುಹಿಸಿದರು. ಕೆಲಸದವನು ಎಂದರೆ ಇವನೇ ಎಂದು ಹೊಗಳಿದ್ದನ್ನೂ ಗಣೇಶ ತಂದು ಮುಟ್ಟಿಸುತ್ತಿದ್ದ. ಆ ಹೊಗಳಿಕೆ ಕೇಳಿದ ದಿನ ದೇವೇಂದ್ರ ಹೋಟೆಲಿಗೆ ಹೋಗಿ ಮಸಾಲೆ ದೋಸೆ ತಿನ್ನುತ್ತಿದ್ದ.

ಕೊನೆಗೆ ಉಳಿದದ್ದು ಬಾಡಿ. ಅಂಥದ್ದೇ ಇನ್ನೊಂದು ಸಿಗಲು ಬಹಳ ಕಾಲ ಹಿಡಿಯಿತು. ಸಿಕ್ಕಿದಾಗ ಅದಕ್ಕೆ ಕೆಂಪು ಬಳಿದು, ಗೀರು ಹಾಕಿ, ಮಸಿ ಹಚ್ಚಿ, ಹೆಗ್ಗದ್ದೆಗೆ ಕಳುಹಿಸಿದ. ವೆಲ್ಡಿಂಗ್ ಮಾಡಿಸಿದ ಕಿವಿಯ ಬಾಡಿ ಅವನ ಹತ್ತಿರ ಉಳಿಯಿತು. ಗೋಣಿಚೀಲ ಸುರಿದು ಒಂದೊಂದಾಗಿ ಜೋಡಿಸಿದ. ಈಗ ಕೆಂಪಿ ಪೂರ್ತಿಯಾಗಿ ಸಕಲೇಶಪುರದಲ್ಲಿತ್ತು, ಗೌಡರ ಸ್ಟೋರಿನಲ್ಲಿದ್ದದ್ದು ಕೆಂಪು ಬಳಿದ ಗುಜರಿ. ಹೆಂಡತಿಗೆ ಅವನು ಒಂದು ಮಾತೂ ಹೇಳಿರಲಿಲ್ಲ. ಹಳೇ ಪಾರ್ಟಿನಲ್ಲಿ ಏನೋ ಕಟ್ಟುತ್ತಿದ್ದಾನೆ ಎಂದಷ್ಟೇ ಅವಳಿಗೆ ಗೊತ್ತು. ಅವಳ ಕಣ್ಣೆದುರಿಗೆ ತಾನು ಪೊಲೀಸ್ ಜೀಪು ಹತ್ತಿ ಹೋದ ಹಾಗೆಯೇ, ಅವಳ ಕಣ್ಣೆದುರಿಗೇ ಗೌಡರ ಮುಖ ಇಳಿಯಬೇಕು, ಅದನ್ನು ಅವಳಿಗೆ ಉಡುಗೊರೆಯಾಗಿ ಕೊಡಬೇಕು ಎಂದು ಅವನ ಆಸೆ.

ಆ ಗುಜರಿ ಕೈಕೊಟ್ಟು ವಾಪಸ್ ಬರುವ ಹೊತ್ತಿಗೆ ಎರಡು ಸಾವಿರದ ಐದರ ಮಳೆ ಶುರುವಾಗುವುದರಲ್ಲಿತ್ತು. ಈ ಸಲ ಗೌಡರೇ ಬಂದು ನೋಡಬೇಕು, ಸಂತೆ ದಿನವೇ ಬರಬೇಕು ಎಂದು ದೇವೇಂದ್ರ ಗಣೇಶನ ಹತ್ತಿರ ಹೇಳಿ ಕಳುಹಿಸಿದ. ಮಧ್ಯಾಹ್ನದ ಊಟವನ್ನು ಅಂಗಡಿಗೇ ತಾ ಎಂದು ಹೆಂಡತಿಗೆ ಹೇಳಿದ.

ಗೌಡರು ಬಂದರು. ವಯಸ್ಸಾಗಿತ್ತು, ಕೈಯಲ್ಲಿ ಬೆತ್ತ. ಗಣೇಶ ಹಿಂದೆ ಮಿಷನ್ನು ಹೊತ್ತು ನಿಂತ. ಗಂಗಾಮಣಿ ಕ್ಯಾರಿಯರ್ ಹಿಡಿದು ಬಂದವಳು ಗೌಡರನ್ನು ಕಂಡು ಬಾಗಿಲಲ್ಲೇ ಬಿಗಿದುಕೊಂಡು ನಿಂತಳು. ದೇವೇಂದ್ರ ಗೋಣಿ ಸರಿಸಿ, ಕೆಂಪಿಯನ್ನು ರಸ್ತೆಯಂಚಿಗೆ ತಂದಿಟ್ಟು ಹಗ್ಗ ಎಳೆದ. ಅದರ ಕೂಗಿಗೆ ಸಂತೆಗೆ ಹೊರಟಿದ್ದವರೆಲ್ಲ ನಿಂತು ತಿರುಗಿದರು. ಗೌಡರ ಹುಬ್ಬು ಮೇಲೇರಿತು. ಬಗ್ಗಿ ಕಿವಿಯ ಬೆಸುಗೆ ನೋಡಿದರು. ದೇವೇಂದ್ರ ಮಿಷನ್ನು ಆಫ್ ಮಾಡಿದ.

"ಇದು ನಮ್ಮ ಕೆಂಪಿ ಅಲ್ವೇನೋ?"

"ಕೆಂಪಿನೇ ಗೌಡ್ರೇ. ಗಣೇಶಣ್ಣ ಹಿಡ್ಕಂಡಿರೋದು ಗುಜರಿ. ವರ್ಷಕ್ಕೊಂದು ಪಾರ್ಟು ಅಂತ ನಿಮ್ಮ ಮಿಷನ್ನ ಪೂರ್ತಿ ಬಿಚ್ಕಂಡ್ಬುಟ್ಟೆ. ಪ್ರತಿ ಸಲನೂ ನೀವೇ ಕೂಲಿ ಕೊಟ್ಟು ಕಳ್ಸಿದ್ರಿ."

ಯಾರೋ ನಕ್ಕರು. ನಗು ಗುಂಪಿನ ತುಂಬ ಹರಡಿತು. ಗೌಡರ ಮುಖ ಇಳಿಯುವುದನ್ನು ದೇವೇಂದ್ರ ನೋಡಿದ. ಇಷ್ಟು ವರ್ಷ ಕಾದದ್ದು ಸಾರ್ಥಕವಾಯಿತು ಎನ್ನಿಸಿ ಅವನ ಎದೆ ತುಂಬಿ ಬಂತು. ಮಾತು ಕಡಿಮೆಯವನಿಗೆ ಮಾತು ನಿಲ್ಲಿಸುವುದೂ ಗೊತ್ತಿರಲಿಲ್ಲ.

"ಅವತ್ತು ನಾನು ಕದ್ದಿರ್ಲಿಲ್ಲ. ಈಗ ಕದ್ದಿದೀನಿ. ಕರೀರಿ ಪೊಲೀಸ್ನೋರ್ನ. ನಾನೇ ಮುಂದ್ಗಡೆ ನಡೀತೀನಿ."

ನಗು ನಿಂತಿತು. ಗೌಡರ ಮುಖದಿಂದ ಹೋದ ಕಳೆ ನಿಧಾನವಾಗಿ ವಾಪಸ್ ಬಂತು. ಗುಂಪಿನ ಕಡೆ ತಿರುಗಿ, ಅವನ ಬಾಯಲ್ಲೇ ಬಂತಲ್ಲ, ಕೇಳಿದಿರಲ್ಲ ಎಂದರು. ದೇವೇಂದ್ರನ ಹೆಗಲ ಮೇಲೆ ಕೈಯಿಟ್ಟರು.

"ಪೊಲೀಸು ಗಿಲೀಸು ಯಾಕೋ. ಅವತ್ತೂ ಬಿಡಿಸ್ದೆ, ಇವತ್ತೂ ಬಿಟ್ಟೆ. ಇಟ್ಕೋ ಹೋಗು."

ಆ ಕೈಯನ್ನು ಕೊಡವಿ ದೇವೇಂದ್ರ ಭಾವಮೈದುನನ ಹೆಸರು ಹೇಳಿ ಕೂಗಿದ, ಅವತ್ತು ಕೆಂಪಿ ಸಿಕ್ಕಿದ್ದು ಎಲ್ಲಿ ಎಂದು ಕೂಗಿದ, ಗಣೇಶನನ್ನು ಕೇಳಿ ಎಂದ. ಗಣೇಶ ನೆಲ ನೋಡಿದ. ಈಗ ತಾನೇ ಕಳ್ಳ ಎಂದು ಒಪ್ಪಿಕೊಂಡವನ ಮಾತು ಯಾರಿಗೆ ಬೇಕು? ಗೌಡರು ಜೀಪು ಹತ್ತಿದರು. ಎಂಥ ದೊಡ್ಡ ಮನಸ್ಸು ನೋಡಿ ಎಂದು ಒಬ್ಬಾಕೆ ಹೇಳುತ್ತ ಹೋದದ್ದು ಅಂಗಡಿಯೊಳಗೂ ಕೇಳಿಸಿತು.

ಗಂಗಾಮಣಿ ಆ ಹೆಂಗಸಿನ ಮೇಲೆ ಏರಿ ಹೋಗಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಅಂಥ ಮಾತು ಕೇಳಿಯೂ ಸುಮ್ಮನೆ ನಿಂತದ್ದು ಅದೇ ಮೊದಲು.

"ಬಿಚ್ಕಂಡಿದ್ದು ನಿಜವೇನ್ರೀ?"

ಗೌಡರ ಮುಖ ಇಳಿದದ್ದನ್ನು ನೋಡಿದೆಯಾ, ಜನ ನಕ್ಕದ್ದನ್ನು ಕೇಳಿದೆಯಾ ಎಂದು ದೇವೇಂದ್ರ ಕೇಳಿದ. ನಿನಗೋಸ್ಕರವೇ ಮಾಡಿದ್ದು ಎಂದ. ಅವಳು ಕ್ಯಾರಿಯರನ್ನು ಬೆಂಚಿನ ಮೇಲಿಟ್ಟಳು.

"ನನ್ನಕ್ಕ ಕರೆದ್ಲು ಕಣ್ರೀ. ಸಾಯೋವಾಗ ಕರೆದ್ಲು. ನಿಮ್ಮನ್ನ ಕಳ್ಳ ಅಂದೋಳ ಮುಖ ನೋಡಲ್ಲ ಅಂತ ನಾನು ಹೋಗ್ಲಿಲ್ಲ."