ಎರೆಹುಳಗಳಿಗೆಂದು ತಂದ ಲದ್ದಿ

ಹಂಪನಕಟ್ಟೆಯ ಹಿಂದಿನ ಓಣಿಯ ಹೆಂಚಿನ ಮನೆಗೆ ನಾನು ಸೊಸೆಯಾಗಿ ಬಂದದ್ದು ಐವತ್ತರ ದಶಕದ ಕೊನೆಯಲ್ಲಿ. ಗಂಡ ರಜೆ ಮುಗಿಸಿ ಬೊಂಬಾಯಿಗೆ ಹೊರಟ ಮೇಲೆ ಮನೆಯಲ್ಲಿ ಉಳಿದವರು ನಾನು, ಅತ್ತೆ ಮತ್ತು ಅತ್ತೆಯ ತಂಗಿ. ಈ ಚಿಕ್ಕತ್ತೆ ಮದುವೆಯಾಗದೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. ಮಾತು ಕಡಿಮೆ. ನಗು ಇನ್ನೂ ಕಡಿಮೆ.

ಅತ್ತೆಗೆ ಗುಲಾಬಿಯ ಹುಚ್ಚು. ಇಗರ್ಜಿಯ ಪೀಠಕ್ಕೆ ನಮ್ಮ ಹಿತ್ತಿಲಿನ ಹೂವೇ ಹೋಗಬೇಕೆಂಬ ಹಟ. ಗೊಬ್ಬರಕ್ಕಾಗಿ ಹಳೆಯ ಚಹಾ ಪೆಟ್ಟಿಗೆಯೊಂದರಲ್ಲಿ ಎರೆಹುಳ ಸಾಕಿದ್ದರು. ಇಗರ್ಜಿಯ ತೋಟ ನೋಡಿಕೊಳ್ಳುತ್ತಿದ್ದ ಇಟಲಿಯ ಮುದಿ ಪಾದ್ರಿ ಒಂದು ಹಿಡಿ ಕೆಂಪು ಹುಳ ಕೊಟ್ಟು, ಸೆಗಣಿ, ತರಕಾರಿ ಸಿಪ್ಪೆ ಹಾಕಿದರೆ ಅವು ಎಲ್ಲವನ್ನೂ ಕಪ್ಪು ಮಣ್ಣು ಮಾಡುತ್ತವೆ ಎಂದಿದ್ದರಂತೆ. ನೆರೆಮನೆಯವರು ದನ ಮಾರಿದಾಗ ಸೆಗಣಿ ನಿಂತಿತು. ಓಣಿಯ ತುದಿಯಲ್ಲಿ ಜಟಕಾದವನೊಬ್ಬನ ಲಾಯವಿತ್ತು. ಬಸ್ಸುಗಳು ಹೆಚ್ಚಿ ಅವನಿಗೆ ಬಾಡಿಗೆ ಇಲ್ಲದಾಗಿತ್ತು. ಉಳಿದದ್ದು ಒಂದೇ ಕಂದು ಕುದುರೆ. ಲದ್ದಿ ಕೇಳಿದರೆ ಅವನಿಗೆ ಲಾಯ ಗುಡಿಸುವ ಕೆಲಸ ತಪ್ಪಿದಂತೆ. ಗೋಣಿ ತುಂಬಿಸಿ ತಾನೇ ತಂದು ಸುರಿದ.

ಅತ್ತೆ ಅದನ್ನು ಬಿಸಿಬಿಸಿಯಾಗಿಯೇ ಪೆಟ್ಟಿಗೆಗೆ ಹಾಕಿದರು. ಮರುದಿನ ಬೆಳಿಗ್ಗೆ ನಾನು ಬಾವಿಕಟ್ಟೆಗೆ ಹೋದಾಗ ಹುಳಗಳು ಪೆಟ್ಟಿಗೆಯಿಂದ ಹೊರಬಂದು ಗೋಡೆಯ ಮೇಲೆ ಹರಿದಾಡುತ್ತಿದ್ದವು, ಯಾವುದರಿಂದಲೋ ತಪ್ಪಿಸಿಕೊಂಡು ಓಡುವವರ ಹಾಗೆ. ಲದ್ದಿಯೊಳಗೆ ಬೆರಳಿಟ್ಟೆ. ಹಸಿ ಲದ್ದಿ ಕೊಳೆಯುತ್ತ ಕಾವೇರಿತ್ತು; ಬೆರಳು ಸುಟ್ಟಿತು. ನಡುವೆ ಸಿಕ್ಕಿಬಿದ್ದ ಹುಳಗಳು ಬೆಂದು ಬೆಳ್ಳಗಾಗಿದ್ದವು.

ಆ ಹೊತ್ತಿಗೆ ಡ್ಯೂಟಿ ಮುಗಿಸಿ ಬಂದ ಚಿಕ್ಕತ್ತೆ ಹುಳಗಳನ್ನು ನೋಡಲೇ ಇಲ್ಲ. ಅವರ ಕಣ್ಣು ಹೋದದ್ದು ಪೆಟ್ಟಿಗೆಯ ಪಕ್ಕ ಉಳಿದಿದ್ದ ಲದ್ದಿಯಲ್ಲಿ ಬರಿಗಾಲಲ್ಲಿ ನಿಂತು ಹುಳ ಆರಿಸುತ್ತಿದ್ದ ಅಕ್ಕನ ಒಡೆದ ಹಿಮ್ಮಡಿಗೆ.

"ಮೊದಲು ಹೊರಗೆ ಬಾ. ಕಾಲು ತೊಳಿ, ಸಾಬೂನು ಹಾಕಿ," ಎಂದರು.

"ಎಂತ ಮಾರಾಯ್ತಿ, ಲದ್ದಿ ಅಲ್ವಾ? ಹುಲ್ಲು ತಿನ್ನುವ ಪ್ರಾಣಿಯದ್ದು."

"ಅದರಲ್ಲಿ ಧನುರ್ವಾಯುವಿನ ವಿಷ ಉಂಟು. ನಾನು ಆ ವಾರ್ಡಿನಲ್ಲಿ ಕೆಲಸ ಮಾಡ್ತೇನೆ."

ಅಂದು ಊಟಕ್ಕೆ ಕೂತಾಗ ಚಿಕ್ಕತ್ತೆ ಆ ವಾರ್ಡಿನ ಬಗ್ಗೆ ಹೇಳಿದರು. ಕಿಟಕಿಗಳಿಗೆ ಕಪ್ಪು ಪರದೆ. ಯಾರೂ ಗಟ್ಟಿಯಾಗಿ ಹೆಜ್ಜೆ ಇಡುವುದಿಲ್ಲ. ಚಮಚ ಬಿದ್ದ ಸದ್ದಿಗೂ ರೋಗಿಯ ಬೆನ್ನು ಬಿಲ್ಲಿನಂತೆ ಬಾಗುತ್ತದೆ. ಹಲ್ಲು ಕಚ್ಚಿಕೊಂಡಿರುತ್ತದೆ, ಆದರೆ ಪ್ರಜ್ಞೆ ಇರುತ್ತದೆ. "ಎಲ್ಲ ಗೊತ್ತಾಗುತ್ತಾ ಇರ್ತದೆ ಅವರಿಗೆ," ಎಂದು ಹೇಳಿ ಗಂಜಿಯ ಬಟ್ಟಲನ್ನು ಸದ್ದಾಗದಂತೆ ಕೆಳಗಿಟ್ಟರು.

ಆಮೇಲೆ ಲದ್ದಿಯ ಕೆಲಸ ಅವರು ಹೇಳಿದಂತೆಯೇ ನಡೆಯಿತು. ಕೈಕಾಲಿನಲ್ಲಿ ಗಾಯವಿದ್ದವರು ಮುಟ್ಟಬಾರದು. ಚಪ್ಪಲಿ ಹಾಕಿಯೇ ಹೋಗಬೇಕು. ಲದ್ದಿಯನ್ನು ಬಾವಿಯಿಂದ ದೂರ, ನೆರಳಿನಲ್ಲಿ ರಾಶಿ ಹಾಕಿ, ಆಗಾಗ ನೀರು ಚಿಮುಕಿಸಿ ಮಗುಚಬೇಕು. ಒಳಗಿನ ಕಾವು ಪೂರ್ತಿ ಇಳಿದು ಮಣ್ಣಿನ ವಾಸನೆ ಬಂದ ಮೇಲೆ ಮಾತ್ರ ಹುಳಗಳಿಗೆ; ಅದೂ ಮೊದಲು ಒಂದು ಮೂಲೆಗೆ ಒಂದು ಹಿಡಿ. ಹುಳಗಳು ತಾವಾಗಿ ಅಲ್ಲಿಗೆ ಬಂದರೆ ಉಳಿದದ್ದು. ಬದುಕಿದ್ದ ಹುಳಗಳು ಮತ್ತೆ ತುಂಬಿಕೊಂಡವು, ಗುಲಾಬಿಯೂ ಅರಳಿತು. ಆದರೆ ನನಗೆ ಆ ರಾಶಿಯ ಹತ್ತಿರ ಹೋಗುವುದೆಂದರೆ ಅಳುಕು. ಮಗುಚಿದಾಗ ಅದರೊಳಗಿಂದ ಏಳುವ ಹಬೆ ಯಾವುದೋ ಮಲಗಿದ ಪ್ರಾಣಿಯ ಉಸಿರಿನಂತೆ ಕಾಣುತ್ತಿತ್ತು.

ಮರುವರ್ಷ ಮಳೆಗೆ ಮುಂಚೆ, ಹೊಸ ರಾಶಿಯಿಂದ ಮೂಲೆಗೆ ಹಾಕಿದ ಹಿಡಿಯ ಹತ್ತಿರ ಹುಳಗಳು ಸುಳಿಯಲಿಲ್ಲ. ಹೋದ ಒಂದೆರಡು ಮೆತ್ತಗಾಗಿ ಸತ್ತಿದ್ದವು. ಕಾವು ಇರಲಿಲ್ಲ. ಅತ್ತೆ ಜಟಕಾದವನನ್ನು ಕರೆಸಿದರು.

"ಕುದುರೆಗೆ ಎಂತಾದ್ರೂ ಮದ್ದು ಕೊಟ್ಟಿದ್ದೀಯಾ?"

"ಹೌದು ಬಾಯಮ್ಮ. ಹೊಟ್ಟೆಯಲ್ಲಿ ಹುಳ ಆಗಿ ಬಡಕಲಾಗಿತ್ತು. ಹುಳದ ಮದ್ದು ಕುಡಿಸಿದೆ."

ಅದರ ಹೊಟ್ಟೆಯ ಹುಳ ಕೊಂದ ಮದ್ದೇ ನಮ್ಮ ಹುಳಗಳನ್ನೂ ಕೊಂದಿತ್ತು. ರಾಶಿಯನ್ನೆಲ್ಲ ಎತ್ತಿ ದೂರದ ಗುಂಡಿಗೆ ಹಾಕುವುದೆಂದಾಯಿತು. ನಾನು ಬುಟ್ಟಿ ಹೊರುತ್ತಿದ್ದೆ, ಅತ್ತೆ ತುಂಬಿಸುತ್ತಿದ್ದರು. ಇದ್ದಕ್ಕಿದ್ದಂತೆ ಅವರು ಒಂದು ಕಾಲೆತ್ತಿ ನನ್ನ ಭುಜ ಹಿಡಿದರು. ಲದ್ದಿಯೊಳಗಿದ್ದ ಲಾಳದ ಮೊಳೆಯೊಂದು ಚಪ್ಪಲಿ ತೂರಿ ಪಾದಕ್ಕೆ ಇಳಿದಿತ್ತು. ಕಿತ್ತಾಗ ರಕ್ತ ಬರಲೇ ಇಲ್ಲ. ಸಣ್ಣ ಕಪ್ಪು ಚುಕ್ಕೆ, ಅಷ್ಟೆ.

"ತಂಗಿಗೆ ಹೇಳ್ಬೇಡ," ಎಂದರು ಅತ್ತೆ.

ನಾನು ಕೇಳಲಿಲ್ಲ. ಸೀದಾ ಆಸ್ಪತ್ರೆಗೆ ಓಡಿ ಚಿಕ್ಕತ್ತೆಗೆ ಹೇಳಿದೆ; ಇಬ್ಬರೂ ಸೇರಿ ಅತ್ತೆಯನ್ನು ಕರೆದೊಯ್ದೆವು.

ಡಾಕ್ಟರು ಗಾಯ ಬಿಡಿಸಿ ತೊಳೆದರು. ಇಂಜೆಕ್ಷನ್ ಕೊಡುವ ಮುಂಚೆ, ಇದು ಕುದುರೆಯ ರಕ್ತದಿಂದ ಮಾಡುವ ಮದ್ದು, ಕೆಲವರಿಗೆ ಒಗ್ಗುವುದಿಲ್ಲ ಎಂದು ಹೇಳಿ ಮೊದಲು ತೋಳಿಗೆ ಒಂದು ಹನಿ ಹಾಕಿ ನೋಡಿದರು. ಆಗ ಏನೂ ಆಗದ್ದರಿಂದ ಪೂರ್ತಿ ಮದ್ದು ಚುಚ್ಚಿದರು. ಮನೆಗೆ ಬಂದೆವು. ಅಂದಿನಿಂದ ದಿನಾ ಸಂಜೆ ಜಪಮಾಲೆಯ ಪ್ರಾರ್ಥನೆ ತೇರ್ಸ ಮುಗಿದು ಶಿಲುಬೆಯ ಗುರುತು ಹಾಕಿದ ಕೂಡಲೇ ಚಿಕ್ಕತ್ತೆ ದೀಪ ಹಿಡಿದು ಅಕ್ಕನ ಮುಂದೆ ಕೂರುತ್ತಿದ್ದರು. "ಬಾಯಿ ತೆಗಿ. ಇನ್ನೂ ಅಗಲ." ಧನುರ್ವಾಯು ಮೊದಲು ಹಿಡಿಯುವುದು ದವಡೆಯನ್ನಂತೆ. ಅತ್ತೆ ಮೊದಲೆಲ್ಲ ನಕ್ಕರು. ನಾನು ಬಾಗಿಲು ಹಾಕುವುದನ್ನೂ ಮೆಲ್ಲಗೆ ಮಾಡುತ್ತಿದ್ದೆ.

ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಅತ್ತೆ ಎದ್ದು, "ದವಡೆ ನೋಯ್ತಾ ಉಂಟು," ಎಂದರು. ಜ್ವರವಿತ್ತು. ಮೊಣಕಾಲು, ಮಣಿಕಟ್ಟು ಬಿಗಿದಿದ್ದವು. ಚಿಕ್ಕತ್ತೆ ಬಾಯಿ ತೆಗೆಸಿ ನೋಡಲೂ ನಿಲ್ಲದೆ ರಸ್ತೆಗೆ ಓಡಿದರು. ಕಾರು ಹಿಡಿದು ಕರೆದುಕೊಂಡು ಹೋದೆವು. ಕಪ್ಪು ಪರದೆಯ ಕೋಣೆಯ ಪಕ್ಕದ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತೆವು. ಅಷ್ಟರಲ್ಲಿ ಅತ್ತೆಯ ಮೈಯೆಲ್ಲ ಕೆಂಪು ದದ್ದು ಎದ್ದಿತು. ಅದನ್ನು ನೋಡಿ ಡಾಕ್ಟರು ನಿರಾಳವಾಗಿ ಹೇಳಿದರು: ಇದು ಧನುರ್ವಾಯುವಲ್ಲ, ಮದ್ದು ಒಗ್ಗದೆ ಬಂದ ಜ್ವರ, ಇಳಿಯುತ್ತದೆ. ಇಳಿಯಿತು.

ಅದೇ ವಾರ ಜಟಕಾದವನು ನಮ್ಮ ಬಾಗಿಲಿಗೆ ಬಂದ. "ಬಾಯಮ್ಮ, ಕುದುರೆ ಹೇಗೋ ಮಾಡ್ತಾ ಉಂಟು. ಒಮ್ಮೆ ಬಂದು ನೋಡಿ." ಚಿಕ್ಕತ್ತೆಯ ಹಿಂದೆ ನಾನೂ ಹೋದೆ. ಕುದುರೆ ನಾಲ್ಕು ಕಾಲು ಅಗಲಿಸಿ ಮರದ ಬೊಂಬೆಯಂತೆ ನಿಂತಿತ್ತು. ಕಿವಿ ಸೆಟೆದು, ಬಾಲ ಎತ್ತಿಕೊಂಡು. ಹೊರಗೆ ಬಸ್ಸೊಂದು ಹಾರನ್ ಹೊಡೆದಾಗ ಅದರ ಮೈಯೆಲ್ಲ ಒಮ್ಮೆ ಅದುರಿ, ಕಣ್ಣಿನ ಮೇಲೆ ಬಿಳಿ ಪೊರೆಯೊಂದು ಅಡ್ಡ ಸರಿಯಿತು. ಬಾಯಿಗೆ ತುರುಕಿದ್ದ ಹುಲ್ಲು ಹಲ್ಲಿನ ನಡುವೆ ಹಾಗೇ ಇತ್ತು. ಲಾಳ ಸಡಿಲವಾಗಿದ್ದ ಕಾಲಿನ ಗೊರಸು ಕೀವು ಕಟ್ಟಿತ್ತು.

"ದೊಡ್ಡ ಬಾಯಮ್ಮನಿಗೆ ಕೊಟ್ಟ ಇಂಜೆಕ್ಷನ್ ಇದಕ್ಕೆ ಆಗುವುದಿಲ್ವಾ?" ಎಂದು ಅವನು ಕೇಳಿದ.

"ಮೊದಲೇ ಕೊಡ್ಬೇಕಿತ್ತು," ಎಂದರು ಚಿಕ್ಕತ್ತೆ. "ಈಗ ಕತ್ತಲೆ ಮಾಡು. ಸದ್ದು ಮಾಡ್ಬೇಡ."

ಅವನು ಗೋಣಿ ಎತ್ತಿ ಬಾಗಿಲಿಗೆ ಅಡ್ಡ ಕಟ್ಟುವಾಗ ಚಿಕ್ಕತ್ತೆ ಅವನ ಕೈ ಹಿಡಿದು ನಿಲ್ಲಿಸಿದರು. ಬೆರಳುಗಳು ಕುದುರೆಯ ಬಾಯಿ ಬಿಡಿಸಲು ಹೋಗಿ ಸೀಳಿಹೋಗಿದ್ದವು, ಉಗುರಿನ ಸಂದಿಯಲ್ಲಿ ಲದ್ದಿ.

"ನಡಿ ನನ್ನ ಜೊತೆ. ಈಗಲೇ."

"ಇದನ್ನು ಹೀಗೇ ಬಿಟ್ಟು?"

"ಇವಳು ನಿಲ್ತಾಳೆ," ಎಂದು ನನ್ನನ್ನು ತೋರಿಸಿದರು.

ಅವರಿಬ್ಬರೂ ಆಸ್ಪತ್ರೆಗೆ ಹೋದರು. ನಾನು ಆ ಕತ್ತಲಲ್ಲಿ ಗೋಡೆಗೆ ಒರಗಿ, ಕೆಮ್ಮು ಬಂದರೂ ಸೆರಗು ಕಚ್ಚಿ ನುಂಗಿಕೊಂಡು, ಕುದುರೆಯ ಉಸಿರು ಕೇಳುತ್ತ ನಿಂತೆ. ಅವನು ಇಂಜೆಕ್ಷನ್ ಚುಚ್ಚಿಸಿಕೊಂಡು, ಕೈಗೆ ಬಟ್ಟೆ ಸುತ್ತಿಸಿಕೊಂಡು ಹಿಂದಿರುಗುವ ಮೊದಲೇ ಆ ಉಸಿರು ನಿಂತಿತ್ತು. ಅವನಿಗೇನೂ ಆಗಲಿಲ್ಲ. ಮಳೆ ಹಿಡಿಯುವ ಹೊತ್ತಿಗೆ ಗಾಡಿಯನ್ನು ಸೌದೆಗೆಂದು ಕೊಟ್ಟು ಪಡೀಲಿನಲ್ಲಿದ್ದ ತನ್ನ ಅಣ್ಣನ ಮನೆಗೆ ಹೋದ.