ಹೊಲಿಗೆ ಗುರುತಿಲ್ಲದ ಹೊಟ್ಟೆ

ಎಂಬತ್ತರ ದಶಕದ ಕೊನೆಯಲ್ಲಿ ಒಮಾನಿನ ರುಸ್ತಾಕಿನಲ್ಲಿ ನನ್ನದೊಂದು ಕಿರಾಣಿ ಅಂಗಡಿಯಿತ್ತು. ವೀಸಾ ಕೊಟ್ಟ ಕಫೀಲನನ್ನು ಬಿಟ್ಟು ಓಡಿಬಂದ ನಮ್ಮ ಕಡೆಯ ಕೂಲಿಗಳು ಕಾಯಿಲೆ ಬಿದ್ದರೆ ಮೊದಲು ಬರುತ್ತಿದ್ದದ್ದು ನನ್ನಲ್ಲಿಗೆ. ಅವರ ಕೈಯಲ್ಲಿ ಫೋಟೋ ಇರುವ ಲೇಬರ್ ಕಾರ್ಡ್ ಇಲ್ಲ, ಕಾರ್ಡ್ ಇಲ್ಲದೆ ಆಸ್ಪತ್ರೆಗೆ ಹೋದರೆ ಸಿಕ್ಕಿಬೀಳುವ ಭಯ. ಅದಕ್ಕೆ ನಾನು ಕಂಡುಕೊಂಡ ದಾರಿ ಎರವಲು ಕಾರ್ಡ್. ಅದೇ ವಯಸ್ಸು, ಅದೇ ಬಗೆಯ ಮೀಸೆ ಇದ್ದವನ ಕಾರ್ಡ್ ಕೊಟ್ಟು ಕಳಿಸುವುದು. ಜೋಡಿ ಹೊಂದಿಸುವುದರಲ್ಲಿ ನಾನು ಪಳಗಿದವ.

ಒಂದು ಬೆಳಿಗ್ಗೆ ಉಡುಪಿ ಕಡೆಯ ಗಾರೆ ಕೆಲಸದವನೊಬ್ಬ ಹೊಟ್ಟೆ ಹಿಡಿದುಕೊಂಡು ಅಂಗಡಿಯ ಮೆಟ್ಟಿಲಲ್ಲೇ ಕುಸಿದ. ಪಕ್ಕದ ಕೋಣೆಯ ಪೇಂಟರನ ಕಾರ್ಡ್ ಇಸಕೊಂಡು, ಅವನ ಅಣ್ಣನೆಂದು ಹೇಳಿಕೊಂಡು ನಾನೇ ಕರೆದೊಯ್ದೆ.

ಡಾಕ್ಟರು ಹೊಟ್ಟೆಯ ಬಲಗಡೆ ಒತ್ತಿದ್ದೇ ಅವನು ಮುದುಡಿಕೊಂಡ. ಮಂಗಳೂರಿನ ನರ್ಸ್ ಕಾರ್ಡಿನ ಹೆಸರಿನ ಹಳೆಯ ಫೈಲು ತೆರೆದು ಡಾಕ್ಟರ ಮುಂದಿಟ್ಟಳು. ಮೂರು ವರ್ಷದ ಹಿಂದೆ ಅಲ್ಲಿಯೇ ಪೇಂಟರನ ಅಪೆಂಡಿಕ್ಸ್ ತೆಗೆದಿದ್ದರು. ಅವನ ವಯಸ್ಸು ಕೇಳಿದ್ದ ನಾನು ಹೊಟ್ಟೆಯ ವಿಚಾರ ಕೇಳಿರಲಿಲ್ಲ.

ಡಾಕ್ಟರು ಮತ್ತೆ ಅಂಗಿ ಸರಿಸಿ ನೋಡಿದರು. ಗುರುತೆಲ್ಲಿ ಎಂದು ಕೇಳಿದರು. ಗಾಯ ಚೆನ್ನಾಗಿ ಮಾಗಿದೆ ಎಂದುಬಿಟ್ಟೆ.

ನರ್ಸ್ ತಗ್ಗಿದ ದನಿಯಲ್ಲಿ ಕನ್ನಡದಲ್ಲೇ ಹೇಳಿದಳು: "ಕಾಕಾ, ಹೊಲಿಗೆ ಹಾಕಿದ್ದು ಹೊಟ್ಟೆಗೆ, ಅಂಗಿಗೆ ಅಲ್ಲ. ಇದ್ರಲ್ಲಿ ರಕ್ತದ ಗುಂಪೂ ಬೇರೆಯವನದ್ದೇ ಬರೆದುಂಟು. ಇವ್ರು ಯಾರೂಂತ ಹೇಳಿ. ಅಪೆಂಡಿಕ್ಸ್ ಒಳಗೆ ಒಡೆದ್ರೆ ಉಳಿಯುದು ಕಷ್ಟ."

ಅದೇ ಹೆಸರಿನಲ್ಲಿ ಆಪರೇಷನ್ ಮಾಡಲಾಗದೇ ಎಂದು ಚೌಕಾಸಿಗಿಳಿದೆ. ಅವಳು ಗಡಿಯಾರ ನೋಡಿದಳು. ಮಲಗಿದ್ದವನು ನನ್ನ ಮಣಿಕಟ್ಟು ಹಿಡಿದ. "ಹೇಳ್ಬೇಡಿ ಕಾಕಾ. ಊರಿಗೆ ಕಳಿಸಿದ್ರೆ ಯಾವ ಮುಖ ಇಟ್ಕೊಂಡು ಹೋಗುದು?"

ಅವನ ಕೈ ಬಿಡಿಸಿಕೊಂಡು ನಿಜವಾದ ಹೆಸರು, ಊರು, ಕಫೀಲನ ವಿಳಾಸ, ಎಲ್ಲ ಹೇಳಿದೆ. ಡಾಕ್ಟರು ಬೈಯಲಿಲ್ಲ. ಹೊಸ ಫೈಲು ತರಿಸಿ, ಹೊಸದಾಗಿ ರಕ್ತ ತೆಗೆಸಿ, ಒಳಗೆ ಕರೆದೊಯ್ದರು. ಹೊರಗಿನ ಬೆಂಚಿನಲ್ಲಿ ಕೂತ ನನಗೆ ಬೂಟಿನ ಸದ್ದು ಕೇಳಿದಾಗಲೆಲ್ಲ ಪೊಲೀಸರೇ ಬಂದಂತೆ. ಇನ್ನು ಸ್ವಲ್ಪ ತಡವಾಗಿದ್ದರೆ ಒಡೆಯುತ್ತಿತ್ತೆಂದು ನರ್ಸ್ ಬಂದು ಹೇಳಿದ ಮೇಲೆಯೇ ಬೆನ್ನು ಗೋಡೆಗೆ ಆನಿಸಿದ್ದು.

ನಾಲ್ಕನೆಯ ದಿನ ಕಫೀಲ್ ಬಂದ. ಕಹ್ವಾ ಕುಡಿಸಿ, ಗಡ್ಡ ಹಿಡಿದು ಕೇಳಿಕೊಂಡೆ. ಕೇಸು ಬೇಡ, ಊರಿಗೆ ಕಳಿಸಿದರೆ ಸಾಕು ಎಂಬಲ್ಲಿಗೆ ಖಲಾಸ್ ಆಯಿತು. ಎರವಲು ಕಾರ್ಡಿನ ಬಗ್ಗೆ ನನ್ನನ್ನು ಯಾರೂ ಕೇಳಲಿಲ್ಲ.

ಗಲ್ಫಿಗೆ ಹೊರಟವರಿಗೆ ಇಂದಿಗೂ ಹೇಳುತ್ತೇನೆ: ಬೇರೆ ಎಲ್ಲಿ ಬೇಕಾದರೂ ಜಾಣತನ ತೋರಿಸಿ, ಡಾಕ್ಟರ ಮುಂದೆ ಮಾತ್ರ ನಿಮ್ಮದೇ ಹೆಸರು ಹೇಳಿ.

ಹೊರಡುವ ದಿನ ಅವನ ಚೀಲಕ್ಕೆ ಕೈ ಹಾಕಲು ಹೋದೆ. ಕೊಡಲಿಲ್ಲ. ಎಡಗೈಯಲ್ಲಿ ಚೀಲ ಹಿಡಿದು, ಬಲಗೈಯನ್ನು ಹೊಲಿಗೆಯ ಮೇಲಿಟ್ಟುಕೊಂಡು, ನನ್ನ ಕಡೆ ನೋಡದೆ ವ್ಯಾನು ಹತ್ತಿದ.