ಮಾವನ ಗಾಳಿ ಚಿಕಿತ್ಸೆ

ನಮ್ಮ ಸೋದರಮಾವನ ಮೂಗಿನ ಹೊಳ್ಳೆಗಳು ಒಂದೊಂದರಲ್ಲೂ ಗೋಲಿ ಹಿಡಿಸುವಷ್ಟು ಅಗಲ. ಯಾರಿಗಾದರೂ ಬುದ್ಧಿ ಹೇಳುವ ಮೊದಲು ಅವನ್ನು ಅರಳಿಸಿ ಉದ್ದಕ್ಕೆ ಉಸಿರೆಳೆದುಕೊಳ್ಳುತ್ತಿದ್ದ. ಹಗರಿಬೊಮ್ಮನಹಳ್ಳಿಯಲ್ಲಿ ಒಬ್ಬ ಡಾಕ್ಟರ ಹತ್ತಿರ ಕಾಂಪೌಂಡರ್ ಆಗಿದ್ದವನು, ಅವರು ಊರು ಬಿಟ್ಟ ಮೇಲೆ ಕೊಟ್ಟೂರಿಗೆ ಬಂದು ತಾನೇ ಡಾಕ್ಟರಾದ. ಕೊರಳಿಗೆ ಸ್ಟೆತಸ್ಕೋಪು ಬಂತು, ಬಾಯಿಗೆ ಇಂಗ್ಲಿಷ್ ಬಂತು, ತಲೆಗೆ ಮಾತ್ರ ಏನೂ ಬರಲಿಲ್ಲ. ನೆಗಡಿಗೂ ಸೂಜಿ, ಹೊಟ್ಟೆನೋವಿಗೂ ಸೂಜಿ. ನಮ್ಮ ಮನೆಯವರಿಗೋ ಅವನ ಮಾತೆಂದರೆ ವೇದವಾಕ್ಯ.

ತೊಂಬತ್ತರ ದಶಕದಲ್ಲಿ ಚಿಕ್ಕಮ್ಮನಿಗೆ, ಅಂದರೆ ಅವನ ಸ್ವಂತ ತಂಗಿಗೆ, ಎದೆಯಲ್ಲಿ ಗಡ್ಡೆ ಕಾಣಿಸಿತು. ಕೂಡ್ಲಿಗಿಯ ಲೇಡಿ ಡಾಕ್ಟರು ಮುಟ್ಟಿ ನೋಡಿದವರೇ, ತಡಮಾಡದೆ ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಗೆ ಹೋಗಿ ಎಂದರು. ಬಟ್ಟೆಬರೆ ಕಟ್ಟಿಯೂ ಆಗಿತ್ತು. ಅಷ್ಟರಲ್ಲಿ ಮಾವ ಅಡ್ಡ ಬಂದ. ಗಾಳಿ ಸಿಗದ ಕಡೆ ಕ್ಯಾನ್ಸರ್ ಬೆಳೆಯುತ್ತದೆಂದು ಯಾವುದೋ ಪೇಪರಿನಲ್ಲಿ ಓದಿದ್ದನಂತೆ.

“ಕೊಯ್ಸೋದ್ಯಾಕ? ಗಾಳಿ ಕೊಟ್ರ ಕರಗಿ ಹೊಕ್ಕೈತಿ. ಹುಬ್ಬಳ್ಳಿಯವ್ರಿಗೇನ್ ಗೊತ್ತೈತಿ, ಮಣ್ಣು!”

ಗ್ಯಾಸ್ ವೆಲ್ಡಿಂಗ್ ಅಂಗಡಿಯಿಂದ ಆಕ್ಸಿಜನ್ ಸಿಲಿಂಡರ್ ತಂದ. ಅಂಗಡಿಯ ಸಾಬರು “ಇದು ಕಬ್ಬಿಣ ಕೊಯ್ಯಾಕ ಇಟ್ಟಿದ್ದು ನೋಡ್ರಿ” ಅಂದರೆ, “ಯಾವ ಗಾಳಿ ಆದ್ರೂ ಗಾಳೀನ” ಎಂದು ಗದರಿಸಿದನಂತೆ. ದಿನಾ ಸಂಜೆ ಚಿಕ್ಕಮ್ಮನ ಮೂಗಿಗೆ ಕೊಳವೆ ಹಚ್ಚಿ, ಎದುರಿಗೆ ಕೂತು ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದ. ಓಣಿಯವರು ನೋಡಲು ಬಂದರಂತೂ ಹಿಗ್ಗೋ ಹಿಗ್ಗು.

“ಅಣ್ಣಾ, ಹುಬ್ಬಳ್ಳಿಗೊಮ್ಮಿ ಹೋಗಿ ಬರೂನು. ನನಗ್ಯಾಕೋ ಹೆದರಿಕಿ ಆಗತೈತಿ,” ಎನ್ನುತ್ತಿದ್ದಳು ಚಿಕ್ಕಮ್ಮ.

“ನಾ ಅದೀನಲ್ಲ, ಸುಮ್ನ ಮಲಕ್ಕೋ,” ಎನ್ನುತ್ತಿದ್ದ ಮಹಾಶಯ.

ಗಡ್ಡೆ ಒಡೆದು ನಾತ ಹಿಡಿದ ಮೇಲೆ ಅಪ್ಪ ಅವನ ಮಾತು ಕೇಳದೆ ಅವಳನ್ನು ಹುಬ್ಬಳ್ಳಿಗೆ ಒಯ್ದರು. ಹೊತ್ತು ಮೀರಿತ್ತು. ಚಿಕ್ಕಮ್ಮ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನವೇ ಮಾವ, “ಗಾಳಿ ನಡುವ ಬಿಡಿಸಿದ್ರಿ, ಅದಕ್ಕ ಹಿಂಗಾತು” ಅಂದ. ಥೂ, ನಾಚಿಕೆಗೆಟ್ಟವನು!

ಅವನ ಮೇಲಿನ ಸಿಟ್ಟಿಗೇ ನಾನು ಕ್ಯಾನ್ಸರ್ ಸಂಶೋಧನೆಗೆ ಬಿದ್ದೆ. ಅಷ್ಟರಮಟ್ಟಿಗೆ ಅವನ ಋಣ ನನ್ನ ಮೇಲಿದೆ, ಹಾಳಾಗಲಿ. ಗಡ್ಡೆಯ ಒಳಗೆ ಆಮ್ಲಜನಕ ಕಡಿಮೆ ಎಂಬುದು ನಿಜ. ಜೀವಕೋಶದ ಡಿಎನ್‌ಎ ಮೇಲೆ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುರುತುಗಳು ಕೂರುತ್ತವೆ. ಅವನ್ನು ಅಳಿಸುವ ಕಿಣ್ವಗಳಿಗೆ ಆಮ್ಲಜನಕ ಬೇಕು. ಅದು ಸಾಲದಿದ್ದರೆ ಗುರುತುಗಳು ಹೆಚ್ಚಿ, ಗಡ್ಡೆಗೆ ಲಗಾಮು ಹಾಕಬೇಕಾದ ಜೀನ್‌ಗಳ ಬಾಯಿ ಮುಚ್ಚಿಸುತ್ತವೆ. ಹಾಗೆಂದು ಮೂಗಿಗೆ ಗಾಳಿ ಊದಿದರೆ ಗಡ್ಡೆ ಕರಗುವುದಿಲ್ಲ. ಗಡ್ಡೆಯ ರಕ್ತನಾಳಗಳೇ ಅಡ್ಡಾದಿಡ್ಡಿ, ಒಳಗಿನವರೆಗೆ ಆಮ್ಲಜನಕ ಸರಿಯಾಗಿ ತಲುಪದು. ಇದರಲ್ಲಿ ಆಗ ಗೊತ್ತಿದ್ದಷ್ಟನ್ನು ಊರಿಗೆ ಹೋದಾಗ ಅವನಿಗೆ ಬಿಡಿಸಿ ಹೇಳಿದೆ. ಕಿವಿಗೆ ಹೋದದ್ದು ಮೊದಲ ಮಾತಷ್ಟೇ. “ನಾ ಅವಾಗ್ಲೇ ಹೇಳಿರಲಿಲ್ಲೇನು!” ಎಂದು ಕೊಟ್ಟೂರಿನ ತುಂಬ ಡಂಗುರ ಸಾರಿದ.

ಕೆಲವು ವರ್ಷಗಳಲ್ಲಿ ಅವನ ಗಂಟಲಲ್ಲೇ ಗಡ್ಡೆ ಎದ್ದಿತು. ಮರುದಿನ ಮೊದಲ ಬಸ್ಸಿಗೇ ಹುಬ್ಬಳ್ಳಿ ಸೇರಿದ. ಆಪರೇಷನ್ ಮಾಡಿಸಿಕೊಂಡು, ಕರೆಂಟ್, ಅಂದರೆ ರೇಡಿಯೇಶನ್, ಕೊಡಿಸಿಕೊಂಡು, ಮೈಕೈ ತುಂಬಿಕೊಂಡು ಬಂದ. ಆಮೇಲೆ ಬಹಳ ವರ್ಷ ಬದುಕಿಯೇ ಸತ್ತ. ಹುಬ್ಬಳ್ಳಿಯಿಂದ ಬಂದಾಗ ನೋಡಲು ಹೋದವಳು ಕೇಳಿಯೇಬಿಟ್ಟಿದ್ದೆ:

“ಮಾವಾ, ನೀ ಹುಬ್ಬಳ್ಳಿಗೆ ಓಡಿದಿ, ಚಿಕ್ಕಮ್ಮನ್ನ ಯಾಕ ಕಳಿಸಲಿಲ್ಲ?”

ನನ್ನಂಥ ದಡ್ಡಿ ಇಲ್ಲವೆಂಬಂತೆ ನೋಡಿ, ಬಿರುಕು ದನಿಯಲ್ಲಿ ಹೇಳಿದ:

“ಲೇ ಹುಚ್ಚಿ, ಇದು ಜೀವದ ಪ್ರಶ್ನಿ ಐತಿ.”